ಓದುಗರ ಪ್ರಶ್ನೋತ್ತರ: ಶೇಕಡಾ ಐದರ ಲೆಕ್ಕ

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಿಂದ ಕಳೆದ ಕೆಲವು ವಾರಗಳಲ್ಲಿ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟು ಓದಿದಾಗ ಅವುಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತಿರುವುದು ಕಂಡಿತು. ಅಂಗವಿಕಲರು ಮನೆಯಿಂದ ಹೊರಬರಲು, ದುಡಿಯಲು, ಊರಿನ ವ್ಯವಹಾರಗಳಲ್ಲಿ ಪಾಲ್ಗೊಳ್ಳಲು ಮಹಾನಗರ ಪಾಲಿಕೆ, ನಗರಸಭೆ, ಪುರಸಭೆ, ಗ್ರಾಮ ಪಂಚಾಯಿತಿಗಳು ಏನು ಮಾಡಬೇಕು, ಅದನ್ನು ಕೇಳಿ ಪಡೆಯುವ ದಾರಿ ಯಾವುದು ಎಂಬುದೇ ಆ ವಿಷಯ. ಈ ಸಂಚಿಕೆಯ ಪುಟಗಳನ್ನು ಆ ಪತ್ರಗಳಿಗೇ ಬಿಟ್ಟಿದ್ದೇನೆ. ಬರೆದವರ ಹೆಸರುಗಳನ್ನು ಕೈಬಿಟ್ಟು, ದೀರ್ಘ ಪತ್ರಗಳನ್ನು ಸಂಕ್ಷೇಪಿಸಲಾಗಿದೆ. ಸರ್ಕಾರಿ ಕಾಗದಗಳಲ್ಲಿ ‘ವಿಕಲಚೇತನರು’ ಎಂಬ ಶಬ್ದವಿದೆ, ಭಾಷಣಗಳಲ್ಲಿ ‘ವಿಶೇಷಚೇತನರು’ ಎಂಬುದು ಕೇಳಿಬರುತ್ತದೆ; ಪತ್ರ ಬರೆದವರಲ್ಲಿ ಬಹುತೇಕರು ತಮ್ಮನ್ನು ಅಂಗವಿಕಲರೆಂದೇ ಕರೆದುಕೊಂಡಿರುವುದರಿಂದ ನಾನೂ ಅದನ್ನೇ ಬಳಸುತ್ತೇನೆ.

ಪ್ರಶ್ನೆ: ನನಗೆ 31 ವರ್ಷ. ಗೌಂಡಿ ಕೆಲಸ ಮಾಡುತ್ತಿದ್ದಾಗ ಸೆಂಟ್ರಿಂಗ್ ಮೇಲಿನಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಅಂಗವಿಕಲರ ಪಗಾರ ಬರುತ್ತಿದೆ. ಮನೆಯಲ್ಲಿ ಕುಳಿತು ಮೊಬೈಲ್ ದುರಸ್ತಿ ಕಲಿತಿದ್ದೇನೆ. ಪಾಲಿಕೆಯಿಂದ ಬೇರೆ ಸೌಲಭ್ಯಗಳಿವೆ ಎನ್ನುತ್ತಾರೆ, ಆದರೆ ಕೇಳಲು ಹೋದಲ್ಲೆಲ್ಲ ಇನ್ನೊಂದು ಕಚೇರಿಯ ಹೆಸರು ಹೇಳುತ್ತಾರೆ. ಯಾರನ್ನು ಏನು ಕೇಳಬೇಕು? — ಹುಬ್ಬಳ್ಳಿಯ ಓದುಗ

ಉತ್ತರ: ನಿಮ್ಮನ್ನು ಅಲೆದಾಡಿಸಿದವರ ಮೇಲೆ ಸಿಟ್ಟು ಬರುವುದು ಸಹಜ. ಆದರೆ ಈ ಕೆಲಸವೇ ನಾಲ್ಕು ಇಲಾಖೆಗಳಲ್ಲಿ ಹಂಚಿಹೋಗಿದೆ. ಯಾವುದು ಯಾರದೆಂದು ತಿಳಿದರೆ ಅಲೆದಾಟ ಅರ್ಧ ಕಡಿಮೆಯಾಗುತ್ತದೆ. ನೀವು ಪಗಾರವೆನ್ನುವ ಮಾಸಾಶನ ಕಂದಾಯ ಇಲಾಖೆಯದು; ಅದರ ಅರ್ಜಿ, ತಕರಾರು, ತಡೆ ಎಲ್ಲವೂ ನಾಡಕಚೇರಿ ಮತ್ತು ತಹಶೀಲ್ದಾರರಿಗೆ ಸೇರಿದ್ದು. ಅಂಗವೈಕಲ್ಯದ ಪ್ರಮಾಣವನ್ನು ನಿರ್ಧರಿಸುವವರು ಆರೋಗ್ಯ ಇಲಾಖೆಯ ವೈದ್ಯರು. ‘ಸ್ವಾವಲಂಬನ್’ ಜಾಲತಾಣದಲ್ಲಿ ಅರ್ಜಿ ಹಾಕಿ, ಸೂಚಿಸಿದ ಆಸ್ಪತ್ರೆಯಲ್ಲಿ ತಪಾಸಣೆಯಾದ ಮೇಲೆ ಯುಡಿಐಡಿ ಎಂಬ ಗುರುತಿನ ಚೀಟಿ ಬರುತ್ತದೆ. ಶೇ 40ರಿಂದ 80ರೊಳಗೆ ಅಂಗವೈಕಲ್ಯವಿದ್ದವರಿಗೆ ಹಳದಿ ಪಟ್ಟಿಯ ಚೀಟಿ, ಅದಕ್ಕೂ ಹೆಚ್ಚಿದ್ದವರಿಗೆ ನೀಲಿ ಪಟ್ಟಿಯದು. ಮುಂದೆ ನೀವು ಯಾವ ಕಚೇರಿಗೆ ಹೋದರೂ ಮೊದಲು ಕೇಳುವುದು ಇದನ್ನೇ. ರಾಜ್ಯ ಸರ್ಕಾರದ ಯೋಜನೆಗಳು, ಉದಾಹರಣೆಗೆ ಕಾಲಿನ ಅಂಗವೈಕಲ್ಯವುಳ್ಳವರಿಗೆ ಕೊಡುವ, ಹಿಂದೆ ಎರಡು ಹೆಚ್ಚುವರಿ ಗಾಲಿಗಳಿರುವ ಸ್ಕೂಟರ್, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಯ ಕಚೇರಿಯ ಮೂಲಕ ಬರುತ್ತವೆ.

ನಾಲ್ಕನೆಯದು ಪಾಲಿಕೆ. ಕರ್ನಾಟಕದ ಪ್ರತಿ ನಗರ ಸ್ಥಳೀಯ ಸಂಸ್ಥೆಯೂ ತೆರಿಗೆ, ಬಾಡಿಗೆ, ಶುಲ್ಕಗಳಿಂದ ಬರುವ ತನ್ನ ಸ್ವಂತ ನಿಧಿಯಲ್ಲಿ ಶೇ 5ನ್ನು ಅಂಗವಿಕಲರಿಗಾಗಿ ತೆಗೆದಿಡಬೇಕು. ಮೊದಲು ಇದು ಶೇ 3 ಇತ್ತು. ಪುರಸಭೆಗಳ ಲೆಕ್ಕ ಬಲ್ಲವರ ಬಾಯಲ್ಲಿ ‘ಇಪ್ಪತ್ನಾಲ್ಕು ಹತ್ತು, ಏಳೂಕಾಲು, ಐದು’ ಎಂಬ ಮಾತು ಮಗ್ಗಿಯಂತೆ ಬರುತ್ತದೆ: ಶೇ 24.10 ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ. ಆ ಐದಕ್ಕೆ ಪ್ರತಿ ವರ್ಷ ಕ್ರಿಯಾ ಯೋಜನೆ ಸಿದ್ಧವಾಗುತ್ತದೆ, ಬಳಿಕ ಅರ್ಜಿ ಕರೆಯುವ ಪ್ರಕಟಣೆ ಹೊರಡುತ್ತದೆ. ಅದು ಎಷ್ಟೋ ಸಲ ಪತ್ರಿಕೆಯ ಒಳಪುಟದಲ್ಲಿ, ಸೂಚನಾ ಫಲಕದ ಮೂಲೆಯಲ್ಲಿ ಬಂದು ಹೋಗಿಬಿಡುತ್ತದೆ. ಇದನ್ನು ತಪ್ಪಿಸಿಕೊಳ್ಳಬಾರದೆಂದಿದ್ದರೆ ನಿಮ್ಮ ಭಾಗದ ನಗರ ಪುನರ್ವಸತಿ ಕಾರ್ಯಕರ್ತರ ಪರಿಚಯ ಮಾಡಿಕೊಳ್ಳಿ. ಕಚೇರಿಗಳಲ್ಲಿ ಇವರನ್ನು ಯು.ಆರ್.ಡಬ್ಲ್ಯೂ. ಎನ್ನುತ್ತಾರೆ. ಬಹುಮಟ್ಟಿಗೆ ಇವರೂ ಅಂಗವಿಕಲರೇ. ಅರ್ಜಿ ತುಂಬುವುದರಿಂದ ಹಿಡಿದು ಯಾವ ಕಾಗದ ಕೊರತೆಯಿದೆ ಎಂಬುದರವರೆಗೆ ಅವರಿಗೆ ಗೊತ್ತಿರುತ್ತದೆ.

ಈಗ ಏನು ಕೇಳಬೇಕೆಂಬ ಮಾತು. ದುರಸ್ತಿ ಅಂಗಡಿಯ ಉಪಕರಣಗಳಿಗೆ ಸ್ವಯಂ ಉದ್ಯೋಗದ ನೆರವನ್ನು ಖಂಡಿತ ಕೇಳಿ. ಆದರೆ ನಿಮ್ಮ ಪತ್ರದಲ್ಲಿ ಇಲ್ಲದ ಒಂದು ಸಂಗತಿಯನ್ನು ನಾನಾಗಿಯೇ ಎತ್ತುತ್ತೇನೆ: ನಿಮ್ಮ ಬಚ್ಚಲುಮನೆಯ ಬಾಗಿಲು ಎಷ್ಟು ಅಗಲವಿದೆ? ಬೆನ್ನುಹುರಿಗೆ ಪೆಟ್ಟಾದವರ ದಿನಚರಿಯಲ್ಲಿ ಶೌಚ ಮತ್ತು ಸ್ನಾನಕ್ಕೆ ಹಿಡಿಯುವ ಹೊತ್ತೇ ದೊಡ್ಡದು. ಅದಕ್ಕೆ ಅಣ್ಣನೋ ಹೆಂಡತಿಯೋ ಎತ್ತಿಕೊಂಡು ಹೋಗಬೇಕಾದ ಮನೆಯಲ್ಲಿ, ಎಂತಹ ಅಂಗಡಿ ಹಾಕಿಕೊಟ್ಟರೂ ಬೆಳಿಗ್ಗೆ ಅದರ ಬಾಗಿಲು ತೆರೆಯುವುದು ಇನ್ನೊಬ್ಬರ ಬಿಡುವನ್ನು ಅವಲಂಬಿಸಿರುತ್ತದೆ. 900 ಮಿಲಿಮೀಟರ್ ಅಗಲದ, ಹೊರಕ್ಕೆ ತೆರೆಯುವ ಬಾಗಿಲು, ಗೋಡೆಗೆ ಭದ್ರವಾದ ಹಿಡಿಕೆ, ಹೊಸ್ತಿಲಿಲ್ಲದ ನೆಲ, ಕಮೋಡು ಇವುಗಳ ವೆಚ್ಚ ಒಂದು ಸ್ಕೂಟರಿನ ಬೆಲೆಗಿಂತ ಬಹಳ ಕಡಿಮೆ. ನಿಮ್ಮ ಅರ್ಜಿಯಲ್ಲಿ ಮೊದಲ ಬೇಡಿಕೆಯಾಗಿ ಇದನ್ನೇ ಬರೆಯಿರಿ. ಕ್ರಿಯಾ ಯೋಜನೆಯಲ್ಲಿ ಈ ಬಾಬತ್ತು ಇಲ್ಲವೆಂದರೆ ಮುಂದಿನ ವರ್ಷದ ಯೋಜನೆಗೆ ಸೇರಿಸಲು ಅದೇ ಅರ್ಜಿಯಲ್ಲಿ ಕೋರಿರಿ. ಇನ್ನೊಂದು ಮಾತು: ಅಪಘಾತದ ಹೊತ್ತಿಗೆ ನೀವು ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾಗಿದ್ದರೆ, ಮಂಡಳಿಯ ದುರ್ಬಲತೆ ಪಿಂಚಣಿಯ ಬಗ್ಗೆ ಕಾರ್ಮಿಕ ಇಲಾಖೆಯಲ್ಲಿ ತಡಮಾಡದೆ ವಿಚಾರಿಸಿ.

ಪ್ರಶ್ನೆ: ನಾನು ಒಂದು ಪಟ್ಟಣದ ಪುರಸಭೆಯಲ್ಲಿ ಐದು ವರ್ಷ ಸದಸ್ಯನಾಗಿದ್ದೆ. ಅಂಗವಿಕಲರ ಹಣದಲ್ಲಿ ಪ್ರತಿ ವರ್ಷ ಮೂರು ಗಾಲಿಯ ಸೈಕಲ್ ಹಂಚಿದ್ದೇವೆ. ಈಗ ಬೇಕೆಂದು ಕೇಳುವವರೇ ಇಲ್ಲ, ಹಣ ಉಳಿಯುತ್ತದೆ. ಅದನ್ನು ಎಲ್ಲರಿಗೂ ಉಪಯೋಗವಾಗುವ ರಸ್ತೆಗೆ ಹಾಕಿದರೆ ತಪ್ಪೇನು? — ಹಾವೇರಿ ಜಿಲ್ಲೆಯ ಓದುಗ

ಉತ್ತರ: ತಾವು ಮುಚ್ಚುಮರೆಯಿಲ್ಲದೆ ಬರೆದಿರುವುದರಿಂದ ನಾನೂ ಹಾಗೆಯೇ ಉತ್ತರಿಸುತ್ತೇನೆ. ಬೇಕೆನ್ನುವವರು ಇಲ್ಲದಿರುವುದು ಸೈಕಲ್ಲಿಗೆ, ಹಣಕ್ಕಲ್ಲ. 2011ರ ಜನಗಣತಿಯಲ್ಲಿ ಕರ್ನಾಟಕದ ಅಂಗವಿಕಲರ ಸಂಖ್ಯೆ 13,24,205. ದೇಶದ ಒಟ್ಟು 2.68 ಕೋಟಿ ಅಂಗವಿಕಲರಲ್ಲಿ ನಡೆದಾಡಲು ತೊಂದರೆಯಿರುವವರು ಸುಮಾರು ಐದನೆಯ ಒಂದು ಭಾಗ. ದೃಷ್ಟಿದೋಷವುಳ್ಳವರು, ಶ್ರವಣದೋಷವುಳ್ಳವರು ಒಂದೊಂದು ಗುಂಪೂ ಹೆಚ್ಚುಕಡಿಮೆ ಅಷ್ಟೇ ಇದ್ದಾರೆ. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. ಅದರ ಜಾಗದಲ್ಲಿ ಬಂದ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21ನ್ನು ಗುರುತಿಸುತ್ತದೆ. ಸ್ವಲೀನತೆ (ಆಟಿಸಂ), ಬೌದ್ಧಿಕ ಅಂಗವೈಕಲ್ಯ, ಮಾನಸಿಕ ಕಾಯಿಲೆ, ಪಾರ್ಕಿನ್ಸನ್ಸ್, ಕುಸುಮರೋಗ (ಹಿಮೋಫಿಲಿಯಾ), ಆ್ಯಸಿಡ್ ದಾಳಿಗೆ ಸಿಕ್ಕವರು ಎಲ್ಲರೂ ಅದರಲ್ಲಿದ್ದಾರೆ. ಇವರಿಗೆಲ್ಲ ಸೈಕಲ್ ತೋರಿಸಿ ‘ಬೇಡವೇ?’ ಎಂದರೆ ಅವರು ಏನೆಂದಾರು?

ನಾನು ಲೆಕ್ಕ ಶಾಖೆಯಲ್ಲಿ ಬಹಳ ಕಾಲ ಇದ್ದವನು. ಮಾರ್ಚ್ ಕೊನೆಯ ವಾರದಲ್ಲಿ ಈ ಹಣ ಹೇಗೆ ಖರ್ಚಾಗುತ್ತದೆಂದು ಬಲ್ಲೆ: ವರ್ಷವಿಡೀ ಮರೆತಿದ್ದನ್ನು ಒಂದೇ ಬಿಲ್ಲಿನಲ್ಲಿ ಮುಗಿಸಲು ಸೈಕಲ್ಲಿಗಿಂತ ಸುಲಭವಾದ ವಸ್ತು ಇನ್ನೊಂದಿಲ್ಲ. ಸಾಲಾಗಿ ನಿಲ್ಲಿಸಬಹುದು, ಹಾರ ಹಾಕಬಹುದು, ಫೋಟೊ ತೆಗೆಸಬಹುದು. ಒಂದು ಊರಿನಲ್ಲಿ ಹಾಗೆ ಕೊಟ್ಟ ಸೈಕಲ್ಲುಗಳಲ್ಲಿ ಒಂದನ್ನು ಆರು ತಿಂಗಳ ನಂತರ ನೋಡಿದೆ. ಅದನ್ನು ಪಡೆದ ಹೆಣ್ಣುಮಗಳ ಮನೆಯ ಮುಂದೆ ಗಟಾರದ ಮೇಲಿನ ಫರಸಿ ಮುರಿದಿತ್ತು. ಸೈಕಲ್ ಗಟಾರದ ಆಚೆ ದಡದಲ್ಲಿ, ಆಕೆ ಈಚೆ ಕಟ್ಟೆಯ ಮೇಲೆ. ಹ್ಯಾಂಡಲ್ಲಿಗೆ ಮಕ್ಕಳ ಅಂಗಿಗಳನ್ನು ಒಣಹಾಕಿದ್ದರು. ಸೈಕಲ್ಲಿನ ಬಿಲ್ಲು ಶೇ 5ರಲ್ಲಿ ಪಾಸಾಗಿತ್ತು, ಫರಸಿಯ ಕೆಲಸಕ್ಕೆ ಅದರಲ್ಲಿ ಬಾಬತ್ತೇ ಇರಲಿಲ್ಲ. ಆ ಬಿಲ್ಲಿನ ಮೇಲೆ ನನ್ನ ಸಹಿಯೂ ಇತ್ತು ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಆದ್ದರಿಂದ ರಸ್ತೆಯ ಬಗ್ಗೆ ತಮ್ಮ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಅಂಗವಿಕಲರ ಮನೆಯಿಂದ ಬಸ್ ನಿಲ್ದಾಣದವರೆಗೆ, ಆಸ್ಪತ್ರೆಯವರೆಗೆ, ಪಡಿತರ ಅಂಗಡಿಯವರೆಗೆ ಗಾಲಿಕುರ್ಚಿ ಹೋಗುವಂತೆ ತಡೆಗಳನ್ನು ತೆಗೆಯುವ ಕೆಲಸವಾದರೆ ಆ ಖರ್ಚಿಗೆ ಅರ್ಥವಿದೆ. ಆದರೆ ಇಡೀ ಬಡಾವಣೆಯ ಡಾಂಬರಿನ ಬಿಲ್ಲಿಗೆ ‘ಅಂಗವಿಕಲರೂ ಇದೇ ರಸ್ತೆಯಲ್ಲಿ ಓಡಾಡುತ್ತಾರೆ’ ಎಂದು ಟಿಪ್ಪಣಿ ಬರೆದು ಈ ಹಣವನ್ನು ಎಳೆದುಕೊಳ್ಳುವುದು ಸರಿಯಲ್ಲ. ರಸ್ತೆಗೆ ಬೇರೆ ಅನುದಾನಗಳಿವೆ, ಇವರಿಗೆ ಇರುವುದು ಈ ಐದು ಮಾತ್ರ. ತಮ್ಮ ಅನುಭವ ವ್ಯರ್ಥವಾಗಬಾರದು ಎಂದಿದ್ದರೆ ಆಯವ್ಯಯ ಸಿದ್ಧಪಡಿಸುವ ಮುನ್ನ ಪುರಸಭೆ ಕರೆಯುವ ಸಾರ್ವಜನಿಕ ಸಮಾಲೋಚನಾ ಸಭೆಗೆ ಊರಿನ ನಾಲ್ಕಾರು ಅಂಗವಿಕಲರನ್ನು ಕರೆದುಕೊಂಡು ಹೋಗಿ. ಒಬ್ಬ ಅಂಧ ವಿದ್ಯಾರ್ಥಿ ಓದಿಹೇಳುವ ತಂತ್ರಾಂಶವಿರುವ ಲ್ಯಾಪ್‌ಟಾಪ್ ಕೇಳಬಹುದು, ಕಿವುಡ ದರ್ಜಿಯೊಬ್ಬಳು ಹೊಲಿಗೆ ಯಂತ್ರ ಕೇಳಬಹುದು, ಹಾಸಿಗೆ ಹಿಡಿದವರ ಮನೆಯವರು ಗಾಳಿ ತುಂಬಿದ ಹಾಸಿಗೆ ಕೇಳಬಹುದು. ಒಂದು ಸಂಜೆ ಅವರ ಮಾತು ಕೇಳಿಸಿಕೊಂಡರೆ ಮುಂದಿನ ವರ್ಷದ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ಪ್ರಶ್ನೆ: ನಮ್ಮ ಊರಿನ ಸ್ಥಳೀಯ ಸಂಸ್ಥೆಯ ಕಚೇರಿಗೆ ಇಳಿಜಾರು ಕಟ್ಟಿದ್ದಾರೆ. ಆದರೆ ಗಾಲಿಕುರ್ಚಿಯಲ್ಲಿ ಒಬ್ಬನೇ ಹತ್ತಲು ಸಾಧ್ಯವಿಲ್ಲ. ಇಬ್ಬರು ಹಿಂದಿನಿಂದ ತಳ್ಳಬೇಕು, ಇಳಿಯುವಾಗ ಜೀವ ಕೈಯಲ್ಲಿ ಹಿಡಿಯಬೇಕು. ಕೇಳಿದರೆ ‘ಕಟ್ಟಿ ಕೊಟ್ಟಿದ್ದೇವಲ್ಲ’ ಎನ್ನುತ್ತಾರೆ. — ಊರಿನ ಹೆಸರು ಬೇಡವೆಂದ ಓದುಗ

ಉತ್ತರ: ಒಂದು ಅಳತೆ ಟೇಪು ತೆಗೆದುಕೊಂಡು ಹೋಗಿ. ಇಂತಹ ವಿವಾದಗಳಲ್ಲಿ ಬಾಯಿಮಾತಿಗಿಂತ ಟೇಪಿಗೆ ಬೆಲೆ ಹೆಚ್ಚು. ನಿಯಮ ಬಹಳ ಸರಳ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಕಚೇರಿಗೆ ಆರಿಂಚಿನ ನಾಲ್ಕು ಮೆಟ್ಟಿಲುಗಳಿದ್ದರೆ ಎತ್ತರ ಎರಡು ಅಡಿ, ಇಳಿಜಾರಿನ ಉದ್ದ ಕನಿಷ್ಠ 24 ಅಡಿ. ಅದನ್ನು ಹತ್ತು ಅಡಿಯಲ್ಲಿ ಮುಗಿಸಿದ್ದರೆ ಅದು ಸೈಕಲ್ ಮೋಟಾರುಗಳನ್ನು ಕಟ್ಟೆಗೆ ಹತ್ತಿಸಲು ಮಾಡಿದ ಇಳಿಜಾರು, ಗಾಲಿಕುರ್ಚಿಗಲ್ಲ. ಅಗಲ 1200 ಮಿಲಿಮೀಟರಿಗಿಂತ ಕಡಿಮೆಯಿರಬಾರದು, ಎರಡೂ ಬದಿಗೆ ಹಿಡಿಕಂಬಿ ಬೇಕು, ಮೇಲೆ ಬಾಗಿಲ ಮುಂದೆ ಗಾಲಿಕುರ್ಚಿ ತಿರುಗುವಷ್ಟು, ಅಂದರೆ 1500 ಮಿಲಿಮೀಟರ್ ಸಮತಟ್ಟಾದ ಜಾಗ ಬೇಕು. ಇಳಿಜಾರಿನ ಉದ್ದ 9 ಮೀಟರ್ ಮೀರಿದರೆ ನಡುವೆ ತಂಗಲು ಒಂದು ಸಮತಟ್ಟು ಬೇಕು. ಮೇಲ್ಮೈ ನುಣುಪಾಗಿರಬಾರದು, ಹೊಳೆಯುವ ಗ್ರಾನೈಟ್ ಹಾಕಿದ ಇಳಿಜಾರು ಮಳೆಗಾಲದಲ್ಲಿ ಊರುಗೋಲಿನವರನ್ನು ಬೀಳಿಸುತ್ತದೆ.

ಕಾನೂನಿನ ಬಲ ನಿಮ್ಮ ಕಡೆಗೆ ಇದೆ. 2016ರ ಕಾಯ್ದೆಯ 44ನೆಯ ಕಲಮಿನ ಪ್ರಕಾರ ಸುಗಮ್ಯತೆಯ, ಅಂದರೆ ಅಂಗವಿಕಲರೂ ತಡೆಯಿಲ್ಲದೆ ಬಳಸುವಂತಿರಬೇಕೆಂಬ, ನಿಯಮ ಪಾಲಿಸದ ನಕ್ಷೆಗೆ ಕಟ್ಟಡ ಪರವಾನಗಿಯನ್ನೇ ಕೊಡುವಂತಿಲ್ಲ. 45ನೆಯ ಕಲಮು ಹಳೆಯ ಸಾರ್ವಜನಿಕ ಕಟ್ಟಡಗಳನ್ನು ನಿಯಮಗಳು ಪ್ರಕಟವಾದ ಐದು ವರ್ಷದೊಳಗೆ ಸರಿಪಡಿಸಬೇಕೆಂದಿತು. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ಕ್ಕೆ ಮುಗಿದಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸುಗಮ್ಯತೆಯ ಮಾನದಂಡಗಳನ್ನು ಕೇವಲ ಮಾರ್ಗಸೂಚಿಗಳಂತೆ ಇಟ್ಟಿದ್ದ 15ನೆಯ ನಿಯಮವು ಮೂಲ ಕಾಯ್ದೆಗೆ ವಿರುದ್ಧವೆಂದು ಹೇಳಿ, ಕಡ್ಡಾಯ ನಿಯಮಗಳನ್ನು ರೂಪಿಸಲು ಕೇಂದ್ರ ಸರ್ಕಾರಕ್ಕೆ ಮೂರು ತಿಂಗಳ ಕಾಲ ಕೊಟ್ಟಿತು.

ಕ್ರಮ ಹೀಗಿರಲಿ. ಮೊದಲು ಅಳತೆ ಮತ್ತು ಫೋಟೊ ಸಮೇತ ಮುಖ್ಯಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಾಯ್ದೆಯ 23ನೆಯ ಕಲಮಿನಂತೆ ಪ್ರತಿ ಸರ್ಕಾರಿ ಸಂಸ್ಥೆಯಲ್ಲಿ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು, ದೂರು ನೋಂದಣಿಯಾದ ಎರಡು ವಾರದೊಳಗೆ ಅವರು ವಿಚಾರಣೆ ನಡೆಸಬೇಕು. ಆ ಅಧಿಕಾರಿ ಯಾರೆಂದು ನಿಮ್ಮ ಅರ್ಜಿಯಲ್ಲಿಯೇ ಕೇಳಿ. ಜೊತೆಗೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಎರಡೇ ಸಂಗತಿ ಕೇಳಿ: ಆ ಇಳಿಜಾರಿನ ಅಂದಾಜು ಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ. ಅಂದಾಜಿನಲ್ಲಿ 24 ಅಡಿ ಇದ್ದು ನೆಲದ ಮೇಲೆ ಹತ್ತೇ ಇದ್ದರೆ, ಉಳಿದ ಹದಿನಾಲ್ಕು ಅಡಿಗಳ ಲೆಕ್ಕ ಅವರು ಕೊಡಬೇಕಾಗುತ್ತದೆ. ಅಲ್ಲಿಯೂ ಪರಿಹಾರ ಸಿಗದಿದ್ದರೆ ಜಿಲ್ಲಾ ಮಟ್ಟದ ಅಂಗವಿಕಲರ ಸಮಿತಿ, ಅದರಾಚೆ ಬೆಂಗಳೂರಿನಲ್ಲಿರುವ ರಾಜ್ಯ ಆಯುಕ್ತರು. ಆಯುಕ್ತರ ಶಿಫಾರಸಿನ ಮೇಲೆ ಏನು ಕ್ರಮ ಕೈಗೊಂಡೆವೆಂಬುದನ್ನು ಸಂಬಂಧಪಟ್ಟ ಕಚೇರಿ ಮೂರು ತಿಂಗಳೊಳಗೆ ತಿಳಿಸಬೇಕು.

ಪ್ರಶ್ನೆ: ಗದಗಿನಲ್ಲಿ ನನ್ನದು ಸಣ್ಣ ಔಷಧ ಅಂಗಡಿ. ಮೂರು ಮೆಟ್ಟಿಲುಗಳಿವೆ. ಕಾಲು ಸ್ವಾಧೀನವಿಲ್ಲದ ಗಿರಾಕಿಗಳು ಕೆಳಗೇ ನಿಂತು ಕೂಗುತ್ತಾರೆ. ಇಳಿಜಾರು ಕಟ್ಟಿಸಲು ಮನಸ್ಸಿದೆ, ಆದರೆ ಫುಟ್‌ಪಾತ್ ಒತ್ತುವರಿ ಎಂದು ಒಡೆದುಹಾಕುತ್ತಾರೆಂಬ ಅಂಜಿಕೆ. — ವ್ಯಾಪಾರಸ್ಥ

ಉತ್ತರ: ನಿಮ್ಮ ಅಂಜಿಕೆ ನಿಜವಾದದ್ದೇ. ಮೂರು ಮೆಟ್ಟಿಲಿಗೆ 18 ಅಡಿ ಇಳಿಜಾರು ಬೇಕಾಗುತ್ತದೆ. ಅದನ್ನು ಫುಟ್‌ಪಾತಿನ ಮೇಲೆ ಚಾಚಿದರೆ ಒಬ್ಬರಿಗೆ ದಾರಿ ಮಾಡಲು ಹೋಗಿ, ಕೋಲಿನಿಂದ ದಾರಿ ತಡವಿ ಬರುವ ಅಂಧರಿಗೆ ಅಡ್ಡಗಟ್ಟಿದಂತಾಗುತ್ತದೆ. ಅಂಗಡಿಯ ಒಳಗೆ ಮುಂಭಾಗದ ನೆಲವನ್ನು ರಸ್ತೆಯ ಮಟ್ಟಕ್ಕೆ ಇಳಿಸಲು ಸಾಧ್ಯವೇ ನೋಡಿ. ಕೌಂಟರನ್ನು ಅಲ್ಲಿಗೇ ತಂದರೆ ಮೆಟ್ಟಿಲಿನ ಪ್ರಶ್ನೆಯೇ ಉಳಿಯುವುದಿಲ್ಲ. ಆಗದಿದ್ದರೆ ಒಂದು ಕರೆಗಂಟೆ ಕೆಳಗೆ ಕೈಗೆ ಎಟುಕುವಂತೆ ಹಾಕಿಸಿ, ಗಂಟೆ ಬಾರಿಸಿದ ಕೂಡಲೇ ಹುಡುಗ ಕೆಳಗಿಳಿದು ಚೀಟಿ ತೆಗೆದುಕೊಳ್ಳಲಿ. ಇದು ಪೂರ್ಣ ಪರಿಹಾರವಲ್ಲ, ಆದರೆ ಬೀದಿಯಲ್ಲಿ ನಿಂತು ತನ್ನ ಕಾಯಿಲೆಯ ಹೆಸರು ಕೂಗುವುದಾದರೂ ತಪ್ಪುತ್ತದೆ. ಅಂದ ಹಾಗೆ, ಅಂಗಡಿಯ ಮುಂದಿನ ಫುಟ್‌ಪಾತ್ ಮೇಲೆ ರಟ್ಟಿನ ಡಬ್ಬಿಗಳನ್ನು ಪೇರಿಸುವ ಅಭ್ಯಾಸ ನಿಮ್ಮ ಬೀದಿಯಲ್ಲಿದ್ದರೆ, ಅದನ್ನು ನಿಲ್ಲಿಸಲು ಯಾವ ಪರವಾನಗಿಯೂ ಬೇಕಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಬೌದ್ಧಿಕ ಅಂಗವೈಕಲ್ಯವಿದೆ. ಹದಿನೆಂಟು ತುಂಬಿ ಒಂದು ವರ್ಷವಾಯಿತು. ಬ್ಯಾಂಕಿನಲ್ಲಿ ಪಾಲಕರ ಆದೇಶ ತನ್ನಿರಿ ಎನ್ನುತ್ತಾರೆ. ಅವನಿಗೆ ಹಾಲು ತರುವುದು, ಗಿಡಗಳಿಗೆ ನೀರು ಹಾಕುವುದು, ಲೆಕ್ಕ ಇಡದ ಸಣ್ಣ ಕೆಲಸಗಳೆಲ್ಲ ಬರುತ್ತವೆ. ನಮ್ಮ ನಂತರ ಅವನ ಗತಿ ಏನೆಂಬ ಚಿಂತೆಯಲ್ಲಿ ನಿದ್ದೆ ಬರುವುದಿಲ್ಲ. — ಧಾರವಾಡದ ತಾಯಿ

ಉತ್ತರ: ಎರಡು ಪ್ರಶ್ನೆಗಳು ತಮ್ಮ ಪತ್ರದಲ್ಲಿ ಒಂದಾಗಿ ಹೆಣೆದುಕೊಂಡಿವೆ. ಮೊದಲನೆಯದು ಕಾಗದದ್ದು. ಸ್ವಲೀನತೆ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯವಿರುವ ವಯಸ್ಕರಿಗೆ ಪಾಲಕರನ್ನು ನೇಮಿಸುವ ಅಧಿಕಾರ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗಿದೆ. ಜಿಲ್ಲಾಧಿಕಾರಿ, ಸ್ವಯಂಸೇವಾ ಸಂಸ್ಥೆಯ ಒಬ್ಬ ಪ್ರತಿನಿಧಿ ಮತ್ತು ಒಬ್ಬ ಅಂಗವಿಕಲ ವ್ಯಕ್ತಿ ಆ ಸಮಿತಿಯಲ್ಲಿರುತ್ತಾರೆ. ಇದಕ್ಕಾಗಿ ನ್ಯಾಯಾಲಯಕ್ಕೆ ಹೋಗುವ ಅಗತ್ಯವಿಲ್ಲ. ಅದೇ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗಿನ ರಕ್ಷಣೆಯಿದೆ, ಅದನ್ನೂ ಮಾಡಿಸಿ.

ಆದರೆ ಪಾಲಕತ್ವವೆಂದರೆ ಮಗನ ಪರವಾಗಿ ಎಲ್ಲವನ್ನೂ ತಾವೇ ನಿರ್ಧರಿಸುವುದು ಎಂದು ಭಾವಿಸಬೇಡಿ. 2016ರ ಕಾಯ್ದೆ ‘ಸೀಮಿತ ಪಾಲಕತ್ವ’ದ ಮಾತನಾಡುತ್ತದೆ: ನಿರ್ಧಾರವನ್ನು ಇಬ್ಬರೂ ಕೂಡಿ ತೆಗೆದುಕೊಳ್ಳುವುದು, ಅದೂ ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ. ಬ್ಯಾಂಕಿನ ವ್ಯವಹಾರಕ್ಕೆ ಆದೇಶ ಪಡೆಯಿರಿ. ಯಾವ ಬಣ್ಣದ ಅಂಗಿ ಹಾಕಬೇಕು, ಯಾರ ಮನೆಗೆ ಹೋಗಬೇಕು ಎಂಬುದನ್ನು ಅವನಿಗೇ ಬಿಡಿ.

ಎರಡನೆಯದು, ತಮ್ಮ ನಂತರದ ಪ್ರಶ್ನೆ. ಅದಕ್ಕೆ ಯಾವ ಸಮಿತಿಯ ಆದೇಶದಲ್ಲಿಯೂ ಪೂರ್ತಿ ಉತ್ತರವಿಲ್ಲ. ಆದರೆ ಓಣಿಯಲ್ಲಿ ಅವನನ್ನು ಹೆಸರಿನಿಂದ ಬಲ್ಲವರು ಎಷ್ಟು ಮಂದಿ ಇದ್ದಾರೆ ಎಂಬುದರಲ್ಲಿ ಅರ್ಧದಷ್ಟು ಇದೆ ಎಂದು ನನ್ನ ತಿಳಿವಳಿಕೆ. ಹಾಲಿನ ಅಂಗಡಿಯವನಿಗೆ ಅವನ ಪರಿಚಯವಿದೆಯಲ್ಲ, ಅದನ್ನು ಬೆಳೆಸಿ. ಗಿಡಗಳಿಗೆ ನೀರು ಹಾಕುವುದು ಬಲ್ಲ ಹುಡುಗನಿಗೆ ಬಡಾವಣೆಯ ಉದ್ಯಾನದಲ್ಲಿ ಬೆಳಗಿನ ಒಂದು ಗಂಟೆಯ ಕೆಲಸ ಏಕೆ ಸಿಗಬಾರದು? ಉದ್ಯಾನ ಪಾಲಿಕೆಯದು, ನಿರ್ವಹಣೆ ಹಲವು ಕಡೆ ನಿವಾಸಿಗಳ ಸಂಘದ್ದು. ಇಬ್ಬರನ್ನೂ ಲಿಖಿತವಾಗಿ ಕೇಳಿ. ಕಾಯ್ದೆಯ 5ನೆಯ ಕಲಮು ಅಂಗವಿಕಲರು ಸಮುದಾಯದ ನಡುವೆ ಬದುಕುವ ಹಕ್ಕಿನ ಬಗ್ಗೆ, ಅದಕ್ಕೆ ಬೇಕಾದ ನೆರವಿನ ಬಗ್ಗೆ ಹೇಳುತ್ತದೆ. ಅದನ್ನು ಅರ್ಜಿಯಲ್ಲಿ ಉಲ್ಲೇಖಿಸಿದರೆ ನಿಮ್ಮ ಕೋರಿಕೆ ದಯೆ ಬೇಡಿದಂತೆ ಕಾಣುವುದಿಲ್ಲ. ವರ್ತನೆಯಲ್ಲಿ ಏರುಪೇರುಗಳಿದ್ದರೆ, ತರಬೇತಿಯ ಸಲಹೆ ಬೇಕಿದ್ದರೆ ತಮ್ಮ ಊರಿನಲ್ಲಿಯೇ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ ಇದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆ ಪಡಬೇಕಾದದ್ದೇನೂ ಇಲ್ಲ.

ಪ್ರಶ್ನೆ: ನಾನು ಹುಟ್ಟು ಅಂಧ. ಗದಗಿನಲ್ಲಿ ಸಂಗೀತ ಕಲಿತೆ. ಹುಬ್ಬಳ್ಳಿ-ಧಾರವಾಡದಲ್ಲಿ ಪಾಠಕ್ಕೆ ಕರೆಯುತ್ತಾರೆ. ಪ್ರತಿ ಸಲ ತಮ್ಮನನ್ನು ಕರೆದುಕೊಂಡು ಹೋದರೆ ಅವನ ದಿನ ಹಾಳು. ಒಬ್ಬನೇ ಹೋಗಿಬರಲು ಏನು ವ್ಯವಸ್ಥೆ ಇದೆ? — ಸಂಗೀತ ಶಿಕ್ಷಕ

ಉತ್ತರ: ಹಾನಗಲ್ ಸೀಮೆಯಲ್ಲಿ ಹುಟ್ಟಿ ಗದಗನ್ನು ಅಂಧರ ಸಂಗೀತದ ತವರು ಮಾಡಿದ ಪಂಚಾಕ್ಷರಿ ಗವಾಯಿಗಳು ಮತ್ತು ಅವರ ಶಿಷ್ಯ ಪುಟ್ಟರಾಜ ಗವಾಯಿಗಳ ನೆರಳಿನಲ್ಲಿ ಬೆಳೆದವರಿಗೆ ಅಂಧರು ಏನು ಮಾಡಬಲ್ಲರೆಂದು ಹೇಳುವ ಅಗತ್ಯವಿಲ್ಲ. ವೀರೇಶ್ವರ ಪುಣ್ಯಾಶ್ರಮ ಅದನ್ನು ತಲೆಮಾರುಗಳಿಂದ ತೋರಿಸಿಕೊಟ್ಟಿದೆ. ತೊಡಕಿರುವುದು ವೇದಿಕೆಗೆ ಹೋಗುವ ದಾರಿಯಲ್ಲಿ.

ಬಸ್ಸಿನ ವಿಷಯ ಸ್ಪಷ್ಟವಿದೆ: ಅಂಧರಿಗೆ ಸಾರಿಗೆ ಸಂಸ್ಥೆ ಉಚಿತ ಪಾಸು ಕೊಡುತ್ತದೆ, ಅರ್ಜಿ ಸೇವಾ ಸಿಂಧು ಮೂಲಕ. ಇತರ ಅಂಗವಿಕಲರಿಗೆ ಈಚಿನ ವರ್ಷಗಳಲ್ಲಿ ವರ್ಷಕ್ಕೆ 660 ರೂಪಾಯಿಯ ರಿಯಾಯಿತಿ ಪಾಸು, ವಾಸಸ್ಥಳದಿಂದ 100 ಕಿಲೊಮೀಟರ್ ವ್ಯಾಪ್ತಿಗೆ. ಪಾಸು ವರ್ಷ ವರ್ಷವೂ ನವೀಕರಣವಾಗಬೇಕೆಂಬುದನ್ನು ಮರೆಯಬೇಡಿ. ಅವಳಿ ನಗರಗಳ ನಡುವಿನ ಸುಮಾರು 22 ಕಿಲೊಮೀಟರಿಗೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸು ನಿಮಗೆ ಅನುಕೂಲ. ನಿಲ್ದಾಣದ ನೆಲ ಮತ್ತು ಬಸ್ಸಿನ ನೆಲ ಒಂದೇ ಮಟ್ಟದಲ್ಲಿರುವುದರಿಂದ ಮೆಟ್ಟಿಲು ತಡವುವ ಕಷ್ಟವಿಲ್ಲ. ಆದರೆ ನಿಲ್ದಾಣಗಳು ರಸ್ತೆಯ ನಡುವೆ ಇವೆ. ಬಸ್ಸು ಎಷ್ಟು ಸುಗಮವಾಗಿದ್ದರೂ ಫುಟ್‌ಪಾತಿನಿಂದ ನಿಲ್ದಾಣದವರೆಗಿನ ಆ ಮೂವತ್ತು ನಲವತ್ತು ಹೆಜ್ಜೆ ದಾಟುವುದೇ ನಿಜವಾದ ಪರೀಕ್ಷೆ. ಅಲ್ಲಿ ಬೇಕಾದದ್ದು ದಾಟುವ ಸಮಯ ಶಬ್ದದಿಂದ ತಿಳಿಸುವ ಸಿಗ್ನಲ್ ಮತ್ತು ಉಬ್ಬು ಹಾಸುಗಲ್ಲು. ಉದ್ದ ಗೆರೆಯಿದ್ದರೆ ‘ಮುಂದೆ ನಡೆ’, ಚುಕ್ಕೆಗಳಿದ್ದರೆ ‘ನಿಲ್ಲು, ಎಚ್ಚರ’ ಎಂದು ಅದರ ಭಾಷೆ. ಎಷ್ಟೋ ಊರುಗಳಲ್ಲಿ ಗುತ್ತಿಗೆದಾರರು ಇದನ್ನು ಹಳದಿ ಬಣ್ಣದ ಅಲಂಕಾರವೆಂದು ತಿಳಿದು, ಗೆರೆಯ ಸಾಲನ್ನು ನೇರ ವಿದ್ಯುತ್ ಕಂಬಕ್ಕೆ ಕೊಂಡೊಯ್ದು ನಿಲ್ಲಿಸಿರುತ್ತಾರೆ. ನೀವು ನಿತ್ಯ ದಾಟುವ ಜಾಗಗಳನ್ನು ಗುರುತಿಸಿ ಪಾಲಿಕೆಗೆ ಬರೆಯಿರಿ. ಕೆಲಸ ಆರಂಭವಾದಾಗ ಎಂಜಿನಿಯರರ ಜೊತೆ ಒಮ್ಮೆ ನಡೆದು ತೋರಿಸುತ್ತೇನೆಂದೂ ಸೇರಿಸಿ. ನಕ್ಷೆಯಲ್ಲಿ ಕಾಣದ ತಪ್ಪು ನಿಮ್ಮ ಕೋಲಿಗೆ ಸಿಗುತ್ತದೆ. ಅಲ್ಲಿಯವರೆಗೆ ತಮ್ಮನನ್ನು ಬಿಟ್ಟು ಒಂದೇ ದಾರಿಯನ್ನು ಗಟ್ಟಿ ಮಾಡಿಕೊಳ್ಳಿ: ಒಂದು ಮನೆ, ಒಂದು ನಿಲ್ದಾಣ, ಒಂದು ಹೊತ್ತು.

ಪ್ರಶ್ನೆ: ನನ್ನ ಹೆಂಡತಿಗೆ ಕಿವಿ ಕೇಳುವುದಿಲ್ಲ, ಮಾತು ಬಾರದು. ಸನ್ನೆ ಭಾಷೆ ಚೆನ್ನಾಗಿ ಬಲ್ಲಳು, ಓದು ಬರಹವೂ ಬರುತ್ತದೆ. ಗ್ರಾಮ ಪಂಚಾಯಿತಿಯ ಅಂಗವಿಕಲರ ಸಭೆಗೆ ಪ್ರತಿ ಸಲ ಕರೆಯುತ್ತಾರೆ. ಸಹಿ ಮಾಡಿಸಿಕೊಂಡು, ಉಪ್ಪಿಟ್ಟು ಕೊಟ್ಟು ಕಳಿಸುತ್ತಾರೆ. ಏನು ಚರ್ಚೆಯಾಯಿತೆಂದು ಅವಳಿಗೆ ತಿಳಿಯುವುದಿಲ್ಲ. ಇದಕ್ಕೆ ಹೋಗಬೇಕೇ? — ಗದಗ ಜಿಲ್ಲೆಯ ಓದುಗ

ಉತ್ತರ: ಹೋಗಬೇಕು. ಪಂಚಾಯಿತಿಗಳು ನಡೆಸುವ ಅಂಗವಿಕಲರ ಸಮನ್ವಯ ಗ್ರಾಮಸಭೆಯಲ್ಲಿಯೇ ಪಂಚಾಯಿತಿಯ ಶೇ 5ರ ಹಣ ಯಾರಿಗೆ, ಯಾವುದಕ್ಕೆ ಎಂಬ ಮಾತು ಬರುತ್ತದೆ. ನಿಮ್ಮ ಹೆಂಡತಿ ಹೋಗದಿದ್ದರೆ ಆ ಮಾತು ಅವರನ್ನು ಬಿಟ್ಟು ನಡೆಯುತ್ತದೆ, ಅಷ್ಟೇ. ಆದರೆ ಕುಳಿತು ಎದ್ದುಬರುವುದು ಭಾಗವಹಿಸುವಿಕೆಯಲ್ಲ. ಇಂತಹ ಸಭೆಯಲ್ಲಿ ಸನ್ನೆ ಭಾಷೆ ಬಲ್ಲವರನ್ನು ಕೂರಿಸುವುದು ಕಾಯ್ದೆ ಹೇಳುವ ‘ಸೂಕ್ತ ಹೊಂದಾಣಿಕೆ’ಯ ಭಾಗ. ಹತ್ತಿರದ ಕಿವುಡ ಮಕ್ಕಳ ಶಾಲೆಯ ಶಿಕ್ಷಕರೊಬ್ಬರನ್ನು ಪಂಚಾಯಿತಿ ಗೌರವಧನ ಕೊಟ್ಟು ಕರೆಸಬಹುದು. ಅದೂ ಆಗದಿದ್ದರೆ ಚರ್ಚೆಯ ವಿಷಯಗಳ ಪಟ್ಟಿಯನ್ನು ಮುಂಚಿತವಾಗಿ ಬರಹದಲ್ಲಿ ಕೊಟ್ಟು, ಆದ ತೀರ್ಮಾನಗಳನ್ನು ಸಭೆಯಲ್ಲಿಯೇ ಹಲಗೆಯ ಮೇಲೆ ಬರೆಯಲಿ; ಓದು ಬಲ್ಲವರಿಗೆ ಅಷ್ಟಾದರೂ ದಕ್ಕುತ್ತದೆ.

ನೀವು ಜೊತೆಗಿದ್ದು ಅನುವಾದ ಮಾಡಬಹುದಲ್ಲ ಎಂದು ಪಿಡಿಒ ಅವರು ಕೇಳಬಹುದು. ಒಪ್ಪಬೇಡಿ. ಗಂಡನ ಮೂಲಕ ಹೆಂಡತಿಯ ಮಾತು ಬಂದರೆ ಸಭೆಯ ನಡಾವಳಿಯಲ್ಲಿ ಉಳಿಯುವುದು ಗಂಡನ ಮಾತೇ, ನೀವು ಎಷ್ಟೇ ಪ್ರಾಮಾಣಿಕರಾಗಿದ್ದರೂ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಮೊದಲು ಕಂಡು, ಮುಂದಿನ ಸಭೆಯ ನೋಟಿಸು ಬಂದ ದಿನವೇ ಪಂಚಾಯಿತಿಗೆ ಅರ್ಜಿ ಕೊಡಿಸಿ. ಸಹಿ ಹಾಕುವ ಮುನ್ನ ನಡಾವಳಿ ಪುಸ್ತಕದ ಆ ಪುಟವನ್ನು ನಿಮ್ಮ ಹೆಂಡತಿ ಪೂರ್ತಿ ಓದಲಿ, ಓದುವವರೆಗೆ ಉಳಿದವರು ಕಾಯಲಿ. ಅರ್ಜಿಯನ್ನು ಅವರೇ ತಮ್ಮ ಕೈಯಾರೆ ಬರೆಯಲಿ. ಅದರಲ್ಲಿ ನಿಮ್ಮ ಹೆಸರು ವಿಳಾಸದ ಸಾಲಿನಲ್ಲಿದ್ದರೆ ಸಾಕು.